ಹಟ್ಟಿ–ಮಸ್ಕಿ ಸೀಮೆಯ ಚಿನ್ನದ ಗಣಿ: ಒಂದು ಕಸುಬಿನ ಅರಿವು ಕಳೆದುಹೋಗಿ ಮರಳಿದ ಬಗೆ

ರಾಯಚೂರು ಸೀಮೆಯಲ್ಲಿ ಚಿನ್ನದ ಗಣಿಗಾರಿಕೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಚೆನ್ನಾಗಿ ಪಳಗಿದ ಕಸುಬಾಗಿತ್ತು. ಆಮೇಲೆ ಅದು ಮರೆತುಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಬಂಡೆಯೊಳಗಿನ ಚಿನ್ನ ಎಲ್ಲಿಗೂ ಹೋಗಿರಲಿಲ್ಲ. ತೆಗೆಯಬಲ್ಲವರ ಸಾಲು ಕಡಿದುಹೋಗಿತ್ತು. ಆದ್ದರಿಂದ ಈ ಗಣಿಗಳ ಚರಿತ್ರೆಯಲ್ಲಿ ಎಷ್ಟು ತೊಲ ಚಿನ್ನ ಬಂತು ಎಂಬ ಲೆಕ್ಕ ಹೇಳುವುದು ಸ್ವಲ್ಪವೇ. ಕಸುಬಿನ ಅರಿವು ಯಾರ ಕೈಯಲ್ಲಿತ್ತು, ಯಾವ ಕೂಟಗಳು ಅದನ್ನು ಕಾಪಾಡಿದವು, ಯಾರಿಗೆ ದಾಟಿಸಿದವು, ಯಾರನ್ನು ಹೊರಗಿಟ್ಟವು ಎಂಬುದರಲ್ಲಿ ಅದರ ತಿರುಳಿದೆ.

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಈ ದೋಆಬಿನ ಬಹುಪಾಲು ನೆಲ ಗ್ರಾನೈಟು ಮತ್ತು ನೈಸ್ ಕಲ್ಲಿನದು. ಅದರ ಮೇಲೆ ಎರೆ, ಮಸಾರಿ ಮಣ್ಣು. ಮಾನ್ವಿ ಸೀಮೆಯ ಕುರ್ಡಿ, ಕಲ್ಲೂರು, ಸಿರವಾರಗಳ ನೆಲವೂ ಇಂಥದ್ದೇ. ಪಶ್ಚಿಮಕ್ಕೆ, ಲಿಂಗಸೂಗೂರು ಮತ್ತು ದೇವದುರ್ಗಗಳ ಕಡೆಗೆ ಸಾಗಿದಂತೆ ಕಲ್ಲಿನ ಬಣ್ಣ ಕಡುಹಸಿರಿಗೆ ತಿರುಗುತ್ತದೆ. ಭೂವಿಜ್ಞಾನಿಗಳು ಹಟ್ಟಿ–ಮಸ್ಕಿ ಪಟ್ಟಿ ಎಂದು ಕರೆಯುವ ಕೊಕ್ಕೆಯಾಕಾರದ ಶಿಲಾಸಮೂಹ ಅದು. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದು. ಅದರ ಸೀಳುಗಳಲ್ಲಿ ಬೆಣಚುಕಲ್ಲಿನ ಎಳೆಗಳು ತೂರಿಕೊಂಡಿವೆ, ಆ ಎಳೆಗಳಲ್ಲಿ ಚಿನ್ನವಿದೆ. ಅದು ಬಹುಮಟ್ಟಿಗೆ ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ಟನ್ ಕಲ್ಲು ಒಡೆದು ಅರೆದರೆ ಕೈಗೆ ಬರುವುದು ಕೆಲವೇ ಗ್ರಾಂ.

ಈ ಕೆಲವು ಗ್ರಾಮಿನ ಹಿಂದೆ ಹಲವು ಬಗೆಯ ತಿಳಿವಳಿಕೆ ಬೇಕು. ನೂರಾರು ಬಿಳಿ ಎಳೆಗಳಲ್ಲಿ ಚಿನ್ನವಿರುವ ಎಳೆ ಯಾವುದೆಂದು ಗುರುತಿಸಬೇಕು. ಗಟ್ಟಿ ಬಂಡೆಯನ್ನು ಒಡೆಯಬೇಕು. ಮೇಲಿನ ಭಾರ ಕುಸಿಯದಂತೆ ಮರ ಕೊಟ್ಟು ನಿಲ್ಲಿಸಬೇಕು, ಒಳಗೆ ಜಿನುಗುವ ನೀರನ್ನು ಹೊರಹಾಕಬೇಕು, ಉಸಿರಾಡಲು ಗಾಳಿ ತರಬೇಕು. ಮೇಲೆ ಬಂದ ಅದಿರನ್ನು ಹಿಟ್ಟಾಗುವಂತೆ ಅರೆದು, ತೊಳೆದು, ಭಾರದ ಕಣವನ್ನು ಬೇರ್ಪಡಿಸಿ ಕರಗಿಸಬೇಕು. ಇವೆಲ್ಲವನ್ನೂ ಬಲ್ಲ ಒಬ್ಬ ಮನುಷ್ಯ ಯಾವ ಕಾಲದಲ್ಲೂ ಇರಲಿಲ್ಲ. ಗಣಿಯ ಅರಿವು ಮೊದಲಿನಿಂದಲೂ ಗುಂಪಿನ ಅರಿವು. ಗುಂಪಿನ ಒಂದು ಕೊಂಡಿ ಕಳಚಿದರೂ ಉಳಿದವರ ಜಾಣತನ ನಿಷ್ಫಲ.

ಹಟ್ಟಿಯ ಪ್ರಾಚೀನ ಗಣಿಗಳು ಆ ಗುಂಪು ಎಷ್ಟು ಸಮರ್ಥವಾಗಿತ್ತೆಂಬುದಕ್ಕೆ ಸಾಕ್ಷಿ. ಆಧುನಿಕ ಗಣಿಗಾರರು ಹಳೆಯ ಗುಂಡಿಗಳನ್ನು ಹಿಂಬಾಲಿಸಿ ಇಳಿದಾಗ ಪ್ರಾಚೀನರ ಕೆಲಸ ಸುಮಾರು 640 ಅಡಿ ಆಳದವರೆಗೆ ಮುಟ್ಟಿದ್ದು ಕಂಡುಬಂತು. ಪ್ರಾಚೀನ ಜಗತ್ತಿನ ಚಿನ್ನದ ಗಣಿಗಳಲ್ಲಿ ಇಷ್ಟು ಆಳಕ್ಕೆ ಇಳಿದವು ತೀರ ವಿರಳ. ಒಳಗೆ ಸಿಕ್ಕ ಮರದ ತುಂಡುಗಳನ್ನು ರೇಡಿಯೋಕಾರ್ಬನ್ ವಿಧಾನದಿಂದ ಪರೀಕ್ಷಿಸಿದಾಗ ಅವು ಸುಮಾರು 2000 ವರ್ಷ ಹಳೆಯವೆಂದು ತಿಳಿಯಿತು. ಸಿಡಿಮದ್ದು ಇಲ್ಲದ ಕಾಲ ಅದು. ಬಂಡೆಯ ಮುಖಕ್ಕೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿ, ಕಾದ ಕಲ್ಲಿನ ಮೇಲೆ ನೀರು ಎರಚಿ ಬಿರುಕು ಬಿಡಿಸಿ, ಉಳಿ ಸುತ್ತಿಗೆಗಳಿಂದ ಕಿತ್ತು ತೆಗೆಯುತ್ತಿದ್ದರು. ಹಳೆಯ ಸುರಂಗಗಳಲ್ಲಿ ಸಿಕ್ಕ ಇದ್ದಿಲು ಮತ್ತು ಬೂದಿ ಈ ವಿಧಾನದ ಕುರುಹುಗಳು.

ಬೆಂಕಿಯಿಂದ ಬಂಡೆ ಒಡೆಯುವ ವಿಧಾನ ಕೇಳಲು ಸರಳ, ಮಾಡಲು ಅಲ್ಲ. ನೂರಾರು ಅಡಿ ಕೆಳಗೆ ಹಚ್ಚಿದ ಬೆಂಕಿಯ ಹೊಗೆ ಹೊರಬರಲು ದಾರಿ ಇರಬೇಕು. ಯಾವ ಮುಖದಲ್ಲಿ ಯಾವಾಗ ಬೆಂಕಿ, ಅದು ಆರಿದ ಎಷ್ಟು ಹೊತ್ತಿಗೆ ಆಳು ಇಳಿಯಬೇಕು, ಅಕ್ಕಪಕ್ಕದ ಸುರಂಗದವರು ಆಗ ಎಲ್ಲಿರಬೇಕು ಎಂಬ ಕಟ್ಟುಪಾಡು ಇಲ್ಲದಿದ್ದರೆ ಎಲ್ಲರೂ ಉಸಿರುಗಟ್ಟಿ ಸಾಯುತ್ತಾರೆ. ಕಟ್ಟಿಗೆ ಕಡಿಯುವವರು, ಹೊರುವವರು, ನೀರು ಸೇದುವವರು, ಅದಿರು ಅರೆಯುವವರು ಒಂದೇ ಲಯದಲ್ಲಿ ನಡೆಯಬೇಕು. ಹಟ್ಟಿಯ ಸುತ್ತಲಿನ ಬಂಡೆಗಳ ಮೇಲೆ ಅದಿರು ಅರೆದ ಕುಳಿಗಳು ಉಳಿದಿವೆ. ಒಂದೇ ಕಡೆ ಬಹಳ ಜನ ಕೂತು ಮಾಡಿದ ಕೆಲಸ ಅದು. ಒಂದು ಅಕ್ಷರವನ್ನೂ ಬರೆದಿಡದ ಈ ಜನ 640 ಅಡಿ ಇಳಿದರೆಂದರೆ, ತಲೆಮಾರಿನಿಂದ ತಲೆಮಾರಿಗೆ ತಿಳಿವಳಿಕೆ ದಾಟಿಸುವ ಗಟ್ಟಿ ವ್ಯವಸ್ಥೆ ಅವರಲ್ಲಿ ಇತ್ತೆಂದೇ ಅರ್ಥ. ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ 1962ರಲ್ಲಿ ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯ ಕಾಲ ಮತ್ತು ವಿಧಾನಗಳ ಬಗ್ಗೆ ಬರೆದ ಪ್ರಬಂಧ ಇಂದಿಗೂ ಈ ವಿಷಯದ ಮುಖ್ಯ ಆಕರ. ಅದಕ್ಕೂ ಹತ್ತು ವರ್ಷ ಮೊದಲು ಅವರು ಇದೇ ಸೀಮೆಯ, ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದು ನೋಡಿದ್ದರು.

ಲೋಹದ ಕಸುಬು ಊರೂರು ಸುತ್ತುತ್ತಿತ್ತು ಎಂಬುದಕ್ಕೆ ಗಣಿಯ ಹೊರಗೂ ಕುರುಹುಗಳಿವೆ. ಕಲ್ಲೂರಿನಲ್ಲಿ ತಾಮ್ರದ ಕತ್ತಿಗಳು ಸಿಕ್ಕಿವೆ; ಹಿಡಿಯ ತುದಿ ಕೀಟದ ಮೀಸೆಯಂತೆ ಕವಲೊಡೆದಿರುವ ಇಂಥ ಕತ್ತಿಗಳು ಹೆಚ್ಚಾಗಿ ಸಿಕ್ಕಿರುವುದು ದೂರದ ಗಂಗಾ–ಯಮುನಾ ಬಯಲಿನಲ್ಲಿ. ಕತ್ತಿಗಳೇ ಬಂದವೋ, ಮಾಡುವ ಕೈ ಬಂತೋ, ಎರಡು ದೋಆಬುಗಳ ನಡುವೆ ಸಂಪರ್ಕವಿತ್ತೆಂಬುದು ನಿಶ್ಚಿತ. ಅಶೋಕನ ಕಾಲಕ್ಕೆ ಬಂದರೆ ಇನ್ನೂ ಸ್ಪಷ್ಟ ನಿದರ್ಶನ ಸಿಗುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಶಾಸನವನ್ನು ಬರೆದ ಲಿಪಿಕಾರ ಚಪಡ ತನ್ನ ಕಸುಬನ್ನು ಸೂಚಿಸುವ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಬರೆಯುವ ಕಸುಬುದಾರನೊಬ್ಬ ಉಪಖಂಡದ ಇನ್ನೊಂದು ತುದಿಯ ಲಿಪಿಯನ್ನು ಹೊತ್ತು ಇಲ್ಲಿಯವರೆಗೆ ಬಂದಿದ್ದ.

ಅದೇ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳು ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆಗಳ ರೂಪದಲ್ಲಿವೆ. ಮೌರ್ಯರ ದಕ್ಷಿಣದ ಈ ಆಡಳಿತ ಕೇಂದ್ರವನ್ನು ಕೆಲವು ವಿದ್ವಾಂಸರು ಮಸ್ಕಿಯ ಆಚೆಗಿನ ಕನಕಗಿರಿ ಎಂದೂ, ಬೇರೆ ಕೆಲವರು ಕರ್ನೂಲು ಸೀಮೆಯ ಜೊನ್ನಗಿರಿ ಎಂದೂ ಗುರುತಿಸುತ್ತಾರೆ. ಎರಡೂ ಚಿನ್ನದ ಸೀಮೆಗಳೇ. ಗಣಿಯನ್ನು ಆಳುವವನಿಗೆ ಏನು ತಿಳಿದಿರಬೇಕು ಎಂಬುದನ್ನು ಕೌಟಿಲ್ಯನ ಅರ್ಥಶಾಸ್ತ್ರ ವಿವರವಾಗಿ ಹೇಳುತ್ತದೆ. ಆಕರಾಧ್ಯಕ್ಷ, ಅಂದರೆ ಗಣಿಯ ಮೇಲಧಿಕಾರಿ, ಧಾತುಶಾಸ್ತ್ರ ಬಲ್ಲವನಾಗಿರಬೇಕು, ಇಲ್ಲವೇ ಬಲ್ಲವರನ್ನು ಜೊತೆಗಿಟ್ಟುಕೊಳ್ಳಬೇಕು. ಕಿಟ್ಟ, ಮೂಸೆ, ಇದ್ದಿಲು, ಬೂದಿಗಳ ಗುರುತಿನಿಂದ ಹಳೆಯ ಗಣಿಯನ್ನು ಪತ್ತೆ ಮಾಡಬೇಕು. ಬಣ್ಣ, ಭಾರ, ವಾಸನೆ, ರುಚಿಗಳಿಂದ ಹೊಸ ಅದಿರನ್ನು ಅರಿಯಬೇಕು. ಇಲ್ಲಿ ಗಮನಿಸಬೇಕಾದ ಮಾತು ಒಂದು: ಅಧಿಕಾರಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರು ಪಕ್ಕದಲ್ಲಿರಬೇಕು. ಆ ಗೊತ್ತಿರುವವರು ಹೇಗೆ ಕಲಿತರು ಎಂಬುದನ್ನು ಗ್ರಂಥ ಹೇಳುವುದಿಲ್ಲ. ಬರೆದವನು ಆಳುವವನ ಕಡೆಯವನು. ಅಗೆಯುವವನ ಅರಿವು ಅವನ ಓಲೆಯ ಹೊರಗೇ ಉಳಿಯಿತು.

ಮುಂದಿನ ಶತಮಾನಗಳಲ್ಲಿ ಕನ್ನಡ ನಾಡಿನ ಕಸುಬುಗಳ ಅರಿವು ಶ್ರೇಣಿಗಳೆಂಬ ಸಂಘಗಳಲ್ಲಿ ಉಳಿಯಿತು. ಕ್ರಿ.ಶ. 725ರ ಲಕ್ಷ್ಮೇಶ್ವರದ ಶಾಸನ ಅಲ್ಲಿನ ಕಂಚುಗಾರರ ಶ್ರೇಣಿಯನ್ನು ಹೆಸರಿಸುತ್ತದೆ. ಊರವರು ತೆರಬೇಕಾದ ತೆರಿಗೆಯನ್ನು ಪಡೆಯುವಷ್ಟು ಅದಕ್ಕೆ ಮಾನ್ಯತೆ ಇತ್ತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನಗಳಲ್ಲಿ ಗುಂಡನೆಂಬ ಸೂತ್ರಧಾರಿ (ವಾಸ್ತುಶಿಲ್ಪಿ) ಅನಿವಾರಿತಾಚಾರಿ ಎಂಬ ಬಿರುದಿನೊಡನೆ, ಸರ್ವಸಿದ್ಧಿ ಆಚಾರಿ ತೆಂಕಣ ದೇಶದ ಸೂತ್ರಧಾರಿ ಎಂಬ ಹೊಗಳಿಕೆಯೊಡನೆ ಕಾಣಿಸಿಕೊಳ್ಳುತ್ತಾರೆ. ಐಹೊಳೆಯನ್ನು ಮೂಲವೆಂದು ಹೇಳಿಕೊಂಡ ಅಯ್ಯಾವೊಳೆ ಐನೂರ್ವರು ಹನ್ನೊಂದು ಹನ್ನೆರಡನೆಯ ಶತಮಾನಗಳ ಹೊತ್ತಿಗೆ ದಕ್ಷಿಣ ಭಾರತವನ್ನೆಲ್ಲ ಬೆಸೆದ ವರ್ತಕ ಸಂಘವಾಗಿ ಬೆಳೆದರು. ಅವರ ಹೆಸರಿನ ಶಾಸನ ಸುಮಾತ್ರಾದ ಬಾರೂಸ್‌ನಲ್ಲೂ ಸಿಕ್ಕಿದೆ, ಅದರ ಕಾಲ 1088. ಯಾವ ಪೇಟೆಯಲ್ಲಿ ಯಾವ ಸರಕಿಗೆ ಬೆಲೆ, ಯಾವ ಗದ್ಯಾಣ ನಾಣ್ಯದಲ್ಲಿ ಎಷ್ಟು ಬೆರಕೆ, ಯಾವ ದಾರಿಯಲ್ಲಿ ಕಳ್ಳರ ಭಯ ಎಂಬ ತಿಳಿವಳಿಕೆ ಒಬ್ಬ ಸೆಟ್ಟಿಯ ಆಸ್ತಿಯಾಗಿ ಉಳಿಯದೆ ಸಂಘದ ಆಸ್ತಿಯಾದದ್ದೇ ಅವರ ಬಲ.

ಆದರೆ ಶಾಸನಗಳು ಹೇಳುವುದು ಹಕ್ಕು, ದತ್ತಿ, ತೆರಿಗೆಗಳ ಸಂಗತಿ. ಕಂಚನ್ನು ಹೇಗೆ ಎರೆಯಬೇಕು, ಚಿನ್ನವನ್ನು ಒರೆಗೆ ಹಚ್ಚಿ ಹೇಗೆ ನೋಡಬೇಕು ಎಂಬುದನ್ನು ಯಾವ ಶ್ರೇಣಿಯೂ ಕಲ್ಲಿನ ಮೇಲೆ ಬರೆಸಲಿಲ್ಲ. ರಾಯಚೂರು ಮತ್ತು ದೇವದುರ್ಗಗಳ ನಡುವಿನ ಗಬ್ಬೂರಿನಂಥ ಊರು ದೇವಾಲಯ, ಶಾಸನಗಳಿಂದ ತುಂಬಿದೆ. ಓದು ಬರಹದ ವಿದ್ಯೆಗೆ ಅಲ್ಲಿ ದತ್ತಿಯ ಆಸರೆ ಇತ್ತು. ಕೈಕಸುಬಿಗೆ ಇದ್ದ ಆಸರೆ ಮನೆತನ ಮತ್ತು ಗುಂಪು ಮಾತ್ರ.

ಇದಕ್ಕೊಂದು ಅಪರೂಪದ ಅಪವಾದ ರಾಯಚೂರು ಕೋಟೆಯಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಸಂಗತಿಯನ್ನು ಹೇಳುವ ಶಾಸನದ ಕಲ್ಲು 41 ಅಡಿ 8 ಅಂಗುಲ ಉದ್ದವಿದೆ. ಇಷ್ಟು ದೊಡ್ಡ ಕಲ್ಲನ್ನು ಗಣಿಯಿಂದ ಗೋಡೆಗೆ ತಂದ ಬಗೆಯನ್ನು ಅಲ್ಲೇ ಗೆರೆಚಿತ್ರವಾಗಿ ಕೊರೆದಿದ್ದಾರೆ: ಉದ್ದನೆಯ ಬಂಡಿ, ಅದನ್ನು ಎಳೆಯುವ ಕೋಣಗಳ ಸಾಲು, ನಡುನಡುವೆ ಹುರಿದುಂಬಿಸುವ ಆಳುಗಳು, ಗಾಲಿಗೆ ಸನ್ನೆ ಹಾಕಿ ಮೀಟುವವರು. ಕಟ್ಟಿಸಿದವನ ಹೆಸರಿಗೆ ಎಷ್ಟು ಜಾಗ ಸಿಕ್ಕಿದೆಯೋ ಕೆಲಸ ನಡೆದ ರೀತಿಗೂ ಅಷ್ಟೇ ಮರ್ಯಾದೆ ಸಿಕ್ಕಿದೆ. ಕರ್ನಾಟಕದಲ್ಲಿ ದುಡಿಮೆಯ ತಂತ್ರವನ್ನೇ ದಾಖಲಿಸಿದ ಇಂಥ ಹಳೆಯ ಚಿತ್ರಗಳು ಎಣಿಕೆಗೆ ಸಿಗುವಷ್ಟೇ. ಗಣಿಯೊಳಗಿನ ಕೆಲಸಕ್ಕೆ ಅಂಥದೊಂದು ಚಿತ್ರ ಸಿಕ್ಕಿದ್ದರೆ ಈ ಸೀಮೆಯ ಚರಿತ್ರೆ ಬೇರೆಯೇ ಆಗುತ್ತಿತ್ತು. ಯುರೋಪಿನಲ್ಲಿ ಜರ್ಮನಿಯ ಅಗ್ರಿಕೋಲ 1556ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬೆಂಕಿಯಿಂದ ಬಂಡೆ ಒಡೆಯುವುದರಿಂದ ಹಿಡಿದು ನೀರೆತ್ತುವ ಚಕ್ರದವರೆಗೆ ಎಲ್ಲವನ್ನೂ ಚಿತ್ರಸಹಿತ ಬರೆದಿಟ್ಟ. ಮುಂದಿನ ಎರಡು ಶತಮಾನ ಅಲ್ಲಿನ ಗಣಿಗಾರರು ಅದನ್ನೇ ತಿರುವಿಹಾಕಿದರು.

ಇತ್ತ ದೋಆಬಿನ ಆಳದ ಗಣಿಗಳು ನಿಂತುಹೋದವು. ಕೆಳಗಿಳಿದಷ್ಟೂ ನೀರು ಹೆಚ್ಚು, ಗಾಳಿ ಕಡಿಮೆ, ಹತ್ತಿರದ ಕಟ್ಟಿಗೆಯೂ ಮುಗಿಯುತ್ತದೆ. ಬೆಂಕಿ ಮತ್ತು ಉಳಿಯ ತಂತ್ರಕ್ಕೆ ಒಂದು ಎಲ್ಲೆ ಇದ್ದೇ ಇದೆ. ಕೆಲಸ ನಿಂತ ಮೇಲೆ ಒಂದೆರಡು ತಲೆಮಾರು ಸಾಕು, ಆಳದ ಅರಿವು ಅಳಿಯಲು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಪಿರಿಯ ಮೊಸಂಗಿ ಎಂದು ಮೆರೆದ ಮಸ್ಕಿಯಾಗಲಿ, ವಿಜಯನಗರ ಮತ್ತು ಬಿಜಾಪುರದ ಸೇನೆಗಳು 1520ರಲ್ಲಿ ಕಾದಾಡಿದ ರಾಯಚೂರಾಗಲಿ ಗಣಿಯ ಊರೆಂಬ ಹೆಸರಿನಿಂದ ಪ್ರಸಿದ್ಧವಾಗಲಿಲ್ಲ. ಗುಂಡಿಗಳು ಹೂತುಹೋದವು, ಮೇಲೆ ಜಾಲಿ ಬೆಳೆಯಿತು.

ಪೂರ್ತಿ ಅಳಿಯದೆ ಉಳಿದದ್ದು ಕಸುಬಿನ ಎರಡು ತುಣುಕುಗಳು. ಚಿನ್ನದ ಶುದ್ಧತೆ ಅಳೆಯುವ ವಿದ್ಯೆ ಅಕ್ಕಸಾಲಿಗರಲ್ಲಿ ಉಳಿಯಿತು. ತೊಳೆದು ತೆಗೆಯುವ ವಿದ್ಯೆ ಜಲಗಾರರಲ್ಲಿ ಉಳಿಯಿತು. ಮಳೆಗಾಲ ಮುಗಿದ ಮೇಲೆ ಹಳ್ಳದ ಮರಳನ್ನು ಮರದ ಹರಿವಾಣದಲ್ಲಿ ತೊಳೆದು ಚಿನ್ನದ ಕಣ ಹಿಡಿಯುವುದು, ಉಳಿದ ದಿನಗಳಲ್ಲಿ ಅಕ್ಕಸಾಲಿಗರ ಅಂಗಡಿಯ ಕಸ ತೊಳೆದು ಅದರಲ್ಲಿನ ಚೂರು ಆಯುವುದು ಅವರ ಜೀವನೋಪಾಯ. ಗದಗ ಸೀಮೆಯ ಕಪ್ಪತಗುಡ್ಡದ ಸುತ್ತಿನ ಡೋಣಿ, ಸೊರಟೂರುಗಳ ಹಳ್ಳಗಳಲ್ಲಿ ಅವರು ಹೀಗೆ ತೊಳೆಯುತ್ತಿದ್ದುದನ್ನು 1830ರ ದಶಕದ ಕೊನೆಯಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ದಾಖಲಿಸಿದ. 1874ರಲ್ಲಿ ಅಲ್ಲಿನ ಶಿಲೆಗಳನ್ನು ಕುರಿತು ಬರೆದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹಳ್ಳದ ಮರಳನ್ನು ಜಲಗಾರರ ಕೈಯಿಂದಲೇ ತೊಳೆಸಿ ನೋಡಿದ. ಯಾವ ತಿರುವಿನಲ್ಲಿ ಮರಳು ಎತ್ತಬೇಕು, ಹರಿವಾಣವನ್ನು ಎಷ್ಟು ವಾಲಿಸಬೇಕು ಎಂಬುದು ಯಾವ ಸರ್ವೆ ನಕ್ಷೆಯಲ್ಲೂ ಇರಲಿಲ್ಲ.

ಕೋಲಾರದ ಕಥೆಯೂ ಇಂಥದ್ದೇ. 1802ರಲ್ಲಿ ಮೈಸೂರಿನ ಗಡಿ ಸರ್ವೆಯಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಈ ಭಾಗದ ಚಿನ್ನದ ಸುದ್ದಿ ಕೇಳಿ, ತೋರಿಸಿಕೊಟ್ಟವರಿಗೆ ಇನಾಮು ಸಾರಿದ. ಉರಿಗಾಂ ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿ ತಂದು ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂ ಬಳಿ ಜನ ಗುಂಡಿಗಳಲ್ಲಿ ಇಳಿದು ಕಲ್ಲು ತೆಗೆಯುವುದನ್ನೂ, ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡುವುದನ್ನೂ ಅವನು ಕಂಡ. ಮುಂದೆ ಜಗತ್ಪ್ರಸಿದ್ಧವಾದ ಕೋಲಾರದ ಗಣಿಗಳ ಮೊದಲ ವರದಿ ವಾರನ್ನನದು ಎಂದು ಪುಸ್ತಕಗಳು ಹೇಳುತ್ತವೆ. ವರದಿ ಅವನದು; ಅದರೊಳಗಿನ ಅರಿವು ಉರಿಗಾಂ ಮತ್ತು ಮಾರಿಕುಪ್ಪಂ ಜನರದು. ಅವರ ಹೆಸರುಗಳು ಎಲ್ಲೂ ಉಳಿದಿಲ್ಲ ಎಂಬುದು ಈ ಚರಿತ್ರೆಯ ದೊಡ್ಡ ನಷ್ಟ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಗಣಿಗಾರರಿಗೆ ಕಲಿಸಿದ್ದು ಮುಖ್ಯವಾಗಿ ಹಳೆಯ ಗುಂಡಿಗಳು. ಕೋಲಾರದಲ್ಲಿ ಕಂಪನಿಗಳು ಹಣ ಸುರಿದು ಕೈಸೋತಿದ್ದಾಗ, 1883ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಳಿಸಿದ ಕ್ಯಾಪ್ಟನ್ ಪ್ಲಮರ್ ಪ್ರಾಚೀನರು ಕೆಲಸ ಬಿಟ್ಟ ಜಾಗದ ಕೆಳಗೇ ತೋಡಿಸಿ ಚಾಂಪಿಯನ್ ಎಂಬ ಚಿನ್ನದ ಎಳೆಯನ್ನು ಮುಟ್ಟಿದ. ನಿಜಾಮರ ಸೀಮೆಯಲ್ಲಿ 1886ರಲ್ಲಿ ಸ್ಥಾಪನೆಯಾದ ಹೈದರಾಬಾದ್ (ಡೆಕ್ಕನ್) ಕಂಪನಿ ಸಿಂಗರೇಣಿಯ ಕಲ್ಲಿದ್ದಲಿನ ಜೊತೆಗೆ ರಾಯಚೂರು ದೋಆಬಿನ ಚಿನ್ನದ ಹಕ್ಕನ್ನೂ ಪಡೆಯಿತು. ವಂದಲ್ಲಿ, ತೊಪಲದೊಡ್ಡಿ, ಹಟ್ಟಿಗಳಲ್ಲಿ ಹಳೆಯ ಗುಂಡಿಗಳ ಸಾಲು ಹಿಡಿದೇ ಹುಡುಕಾಟ ನಡೆಯಿತು. ಪ್ರಾಚೀನರು ಎಲ್ಲಿ ಅಗೆದರೋ ಅಲ್ಲಿ ಅದಿರು ಸತ್ವಯುತ; ಎಲ್ಲಿ ಕೈಬಿಟ್ಟರೋ ಅಲ್ಲಿ ಎಳೆ ಬಡವಾಗಿರಬೇಕು ಅಥವಾ ನೀರು ತಡೆದಿರಬೇಕು. ಅರ್ಥಶಾಸ್ತ್ರ ಆಕರಾಧ್ಯಕ್ಷನಿಗೆ ವಿಧಿಸಿದ್ದ ಕೆಲಸವೇ ಇದು.

ಈ ಹುಡುಕಾಟದಿಂದಲೇ ಚರಿತ್ರೆಗೂ ಒಂದು ದೊಡ್ಡ ಲಾಭವಾಯಿತು. ನಿಜಾಮ್ ಸರ್ಕಾರದ ಗಣಿ ಇಂಜಿನಿಯರ್ ಸಿ. ಬೀಡನ್ 1915ರ ಜನವರಿಯಲ್ಲಿ ಮಸ್ಕಿಯ ಗುಡ್ಡದಲ್ಲಿ ಚಿನ್ನದ ಕುರುಹು ಅರಸುತ್ತಿದ್ದಾಗ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಅದು ಅಶೋಕನ ಕಿರು ಶಿಲಾಶಾಸನ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪಿಯ ಪಿಯದಸಿ ಎಂದಷ್ಟೇ ಇದ್ದ ಅರಸನ ಹೆಸರು ಇಲ್ಲಿ ಅಶೋಕ ಎಂದೇ ಬರೆದಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಪ್ರಕಟಿಸಿದರು. ಬೀಡನ್ ತಮ್ಮ ಕಸುಬಿಗೆ ಹೊರಗಿನ ಸಂಗತಿಯನ್ನು ಕಡೆಗಣಿಸದೆ ಬಲ್ಲವರ ಕಿವಿಗೆ ಹಾಕಿದ್ದರಿಂದ ದೇಶದ ಇತಿಹಾಸದ ಒಂದು ಗಂಟು ಬಿಚ್ಚಿಕೊಂಡಿತು.

ಇಪ್ಪತ್ತನೆಯ ಶತಮಾನದ ಆರಂಭದಿಂದ 1920ರವರೆಗೆ ಹಟ್ಟಿಯ ಗಣಿ ನಡೆದದ್ದು ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದಲ್ಲಿ. ಕೋಲಾರದ ಗಣಿಗಳೂ ಅದರ ಕೈಯಲ್ಲೇ ಇದ್ದುದರಿಂದ ಎರಡೂ ಕಡೆಯ ಅನುಭವ ಒಂದೇ ಕಡತಕ್ಕೆ ಸೇರುತ್ತಿತ್ತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತವರದ ಗಣಿಗಳಲ್ಲಿ ಪಳಗಿದವರು ಕೋಲಾರಕ್ಕೆ ಬಂದರು, ಕೋಲಾರದಲ್ಲಿ ಪಳಗಿದವರು ಹಟ್ಟಿಗೆ ಬಂದರು. 1887ರಲ್ಲಿ ಗ್ಲಾಸ್ಗೋದಲ್ಲಿ ಪೇಟೆಂಟ್ ಪಡೆದ ಸಯನೈಡ್ ವಿಧಾನ ಒಂದು ದಶಕ ತುಂಬುವುದರೊಳಗೆ ಕೋಲಾರ ತಲುಪಿತ್ತು. ಅರೆದ ಅದಿರಿನಲ್ಲಿ ಪಾದರಸಕ್ಕೆ ಸಿಗದೆ ಪೋಲಾಗುತ್ತಿದ್ದ ಚಿನ್ನ ಅದರಿಂದ ಕೈಗೆ ಬರತೊಡಗಿತು. ಹಟ್ಟಿಯ ಎಳೆಗಳಿಗೆ ಬಿದ್ದ ಓಕ್ಲಿ ರೀಫ್, ಮಿಡ್ಲ್ ರೀಫ್, ಸ್ಟ್ರೈಕ್ ರೀಫ್, ವಿಲೇಜ್ ರೀಫ್ ಎಂಬ ಹೆಸರುಗಳು ಇಂದಿಗೂ ಗಣಿಯ ಮಾತಿನಲ್ಲಿವೆ. ಶಾಫ್ಟ್, ಕೇಜ್, ಲೆವೆಲ್, ಸ್ಟೋಪ್, ಪಾಳಿಗಳ ನಡುವೆ ಒಂದು ಹೊಸ ಬಗೆಯ ಕನ್ನಡ, ತೆಲುಗು, ಉರ್ದು ಬೆರೆತ ಗಣಿಭಾಷೆ ಬೆಳೆಯಿತು.

ಅರಿವನ್ನು ಹಂಚಿಕೊಳ್ಳುವುದಕ್ಕೇ ಹುಟ್ಟಿದ ಕೂಟಗಳು ಈ ಕಾಲದ ಹೊಸತನ. ಲಂಡನ್ನಿನಲ್ಲಿ 1892ರಲ್ಲಿ ಗಣಿ ಮತ್ತು ಲೋಹವಿಜ್ಞಾನ ಸಂಸ್ಥೆ, ಕಲ್ಕತ್ತೆಯಲ್ಲಿ 1906ರಲ್ಲಿ ಭಾರತದ ಗಣಿ ಮತ್ತು ಭೂವಿಜ್ಞಾನ ಸಂಸ್ಥೆ ಸ್ಥಾಪನೆಯಾದವು. ಕೋಲಾರದಲ್ಲೇ ಮೈನಿಂಗ್ ಅಂಡ್ ಮೆಟಲರ್ಜಿಕಲ್ ಸೊಸೈಟಿ ಎಂಬ ಸ್ಥಳೀಯ ಸಂಘವಿತ್ತು. ಬೇರೆ ಬೇರೆ ಗಣಿಗಳ ಇಂಜಿನಿಯರುಗಳು ಅದರ ಸಭೆಗಳಲ್ಲಿ ಪ್ರಬಂಧ ಓದಿ ಚರ್ಚಿಸುತ್ತಿದ್ದರು, ಚರ್ಚೆ ಬುಲೆಟಿನ್ ರೂಪದಲ್ಲಿ ಅಚ್ಚಾಗುತ್ತಿತ್ತು. ಅವರನ್ನು ಎಲ್ಲಕ್ಕಿಂತ ಕಾಡಿದ್ದು ಶಿಲಾಸ್ಫೋಟ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿಗಳಲ್ಲಿ ಒತ್ತಡ ತಾಳಲಾರದೆ ಬಂಡೆ ತಾನಾಗಿ ಸಿಡಿದು ಜನರನ್ನು ಕೊಲ್ಲುತ್ತಿತ್ತು. ಒಂದು ಗಣಿಯಲ್ಲಿ ಸಿಡಿದದ್ದು ಏಕೆಂದು ತಿಳಿಯಲು ಪಕ್ಕದ ಗಣಿಯ ನಕ್ಷೆ ಬೇಕು, ಹತ್ತು ವರ್ಷ ಹಿಂದಿನ ದಾಖಲೆ ಬೇಕು. ಬೇರೆ ಬೇರೆ ಕಂಪನಿಗಳಾಗಿದ್ದರೂ ಈ ವಿಷಯದಲ್ಲಿ ಮುಚ್ಚುಮರೆ ನಡೆಯದು. ಯಾರೇ ಮುಚ್ಚಿಟ್ಟರೂ ಅದರ ಬೆಲೆ ತೆರುವವರು ಕೆಳಗೆ ಇಳಿದ ಆಳುಗಳು.

ಆ ಆಳುಗಳಿಗೆ ಸೊಸೈಟಿಯ ಸಭೆಯಲ್ಲಿ ಜಾಗವಿರಲಿಲ್ಲ. ಅವರ ಕಲಿಕೆ ನಡೆದದ್ದು ಮೇಸ್ತ್ರಿಯ ಕೈಕೆಳಗೆ, ಸಾಲುಮನೆಗಳ ಜಗಲಿಯಲ್ಲಿ, ಅಣ್ಣನಿಂದ ತಮ್ಮನಿಗೆ, ಮಾವನಿಂದ ಅಳಿಯನಿಗೆ. ಚಾವಣಿಯ ಕಲ್ಲನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ದನಿ ಕೇಳುವುದು ಅದರ ಮೊದಲ ಪಾಠ. ಗಟ್ಟಿ ಕಲ್ಲಿನ ದನಿ ಒಂದು, ಸಡಿಲ ಕಲ್ಲಿನ ಪೊಳ್ಳು ದನಿ ಇನ್ನೊಂದು. ಆ ವ್ಯತ್ಯಾಸ ಕೇಳಿಸದ ಕಿವಿ ಗಣಿಯಲ್ಲಿ ಬಹಳ ದಿನ ಬಾಳದು. ಮರದ ತೊಲೆ ಭಾರಕ್ಕೆ ಮುಲುಗುವುದನ್ನು ಕೇಳಿ ಹೊರಬರಬೇಕಾದ ಹೊತ್ತನ್ನು ಅಳೆಯುವುದು ಎರಡನೆಯದು. ಇಂಜಿನಿಯರರ ಬುಲೆಟಿನ್ನಿನಷ್ಟೇ ಬೆಲೆಯುಳ್ಳ ಈ ಅರಿವನ್ನು ಯಾರೂ ಅಚ್ಚು ಹಾಕಿಸಲಿಲ್ಲ. ಗಣಿಯ ಲಾಭದ ಜೊತೆ ವರದಿಗಳೂ ಲಂಡನ್ನಿಗೆ ಹೋದವು. ಕಿವಿಯ ಪಾಠ ಇಲ್ಲೇ ಉಳಿಯಿತು.

1920ರಲ್ಲಿ ಲಾಭವಿಲ್ಲವೆಂದು ಹಟ್ಟಿ ಮುಚ್ಚಿತು. ಕಸುಬಿನ ಸಾಲು ಎರಡನೆಯ ಬಾರಿ ಕಡಿಯಿತು. ಈ ಸಲ ಮಾತ್ರ ಹಾನಿ ಅಷ್ಟು ಆಳವಾಗಲಿಲ್ಲ, ಏಕೆಂದರೆ ನಕ್ಷೆಗಳು ಮತ್ತು ವರದಿಗಳು ಉಳಿದಿದ್ದವು, ಹೈದರಾಬಾದಿನ ಭೂವಿಜ್ಞಾನ ಸರ್ವೆ ಇಲಾಖೆಯಲ್ಲಿ ಅವನ್ನು ಓದಬಲ್ಲವರಿದ್ದರು. ಅದರ ಮುಖ್ಯಸ್ಥ ಲಿಯೊನಾರ್ಡ್ ಮನ್ ರಾಯಚೂರು ಸೀಮೆಯ ಪ್ರಾಚೀನ ಗುಂಡಿಗಳನ್ನು ಒಂದೊಂದಾಗಿ ಗುರುತಿಸಿ, ಅವುಗಳ ಆಸುಪಾಸಿನ ಬೃಹತ್ ಶಿಲಾಸಮಾಧಿಗಳಿಗೂ ಗಣಿಗಾರರಿಗೂ ನಂಟಿದೆ ಎಂದು 1930ರ ದಶಕದಲ್ಲಿ ವಾದಿಸಿದರು. ಬ್ರಿಟನ್ 1931ರಲ್ಲಿ ಸುವರ್ಣಮಾನವನ್ನು ಕೈಬಿಟ್ಟ ಮೇಲೆ ಚಿನ್ನದ ಬೆಲೆ ಏರಿತು. 1937ರಲ್ಲಿ ಹಟ್ಟಿಯ ಹಳೆಯ ಗಣಿಯನ್ನು ಮತ್ತೆ ಪರಿಶೀಲಿಸುವ ಕೆಲಸ ಶುರುವಾಯಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದೇ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಮೊದಲ ಸಲ ಕಡಿದ ಸಾಲು ಕೂಡಲು ಶತಮಾನಗಳೇ ಬೇಕಾದವು. ಎರಡನೆಯ ಸಲ ಹದಿನೇಳು ವರ್ಷ ಸಾಕಾಯಿತು.

ಸ್ವಾತಂತ್ರ್ಯಾನಂತರ ಮೇಸ್ತ್ರಿಯ ಅರಿವಿಗೂ ಕಾನೂನಿನ ಮಾನ್ಯತೆ ಬಂತು. 1952ರ ಗಣಿ ಕಾಯ್ದೆ, 1961ರ ಲೋಹದ ಗಣಿಗಳ ವಿನಿಯಮಗಳು ಮೈನಿಂಗ್ ಮೇಟ್, ಬ್ಲಾಸ್ಟರ್, ಫೋರ್‌ಮನ್ ಕೆಲಸಗಳಿಗೆ ಪರೀಕ್ಷೆ ಮತ್ತು ಪ್ರಮಾಣಪತ್ರ ಕಡ್ಡಾಯ ಮಾಡಿದವು. ಮೇಟ್ ತಾನು ನೋಡಿಕೊಳ್ಳುವ ಜಾಗವನ್ನು ಪಾಳಿಯಲ್ಲಿ ಪರಿಶೀಲಿಸಿ ಕಂಡದ್ದನ್ನು ಪುಸ್ತಕದಲ್ಲಿ ದಾಖಲಿಸಬೇಕು. ಚಾವಣಿ ತಟ್ಟಿ ನೋಡುವ ಪಾಠ ಹೀಗೆ ಮೊದಲ ಬಾರಿಗೆ ಬರಹಕ್ಕೆ ಇಳಿಯಿತು. 1966ರ ಗಣಿ ವೃತ್ತಿ ತರಬೇತಿ ನಿಯಮಗಳ ಪ್ರಕಾರ ಹೊಸಬರು ತರಬೇತಿ ಇಲ್ಲದೆ ಕೆಳಗೆ ಇಳಿಯುವಂತಿಲ್ಲ. ಹಳಬರೂ ಐದು ವರ್ಷಕ್ಕೊಮ್ಮೆ ಪುನಃ ತರಬೇತಿಗೆ ಬರಬೇಕು. ಕಾರ್ಮಿಕರ ಪ್ರತಿನಿಧಿಗಳೂ ಕೂರುವ ಸುರಕ್ಷಾ ಸಮಿತಿಗಳು ಬಂದವು. ಸೊಸೈಟಿಯ ಸಭೆಗೂ ಸಾಲುಮನೆಯ ಜಗಲಿಗೂ ನಡುವೆ ಇದ್ದ ಗೋಡೆಯಲ್ಲಿ ಬಾಗಿಲು ತೆರೆದದ್ದು ಈ ಸಮಿತಿಗಳಲ್ಲಿ. ಕೆಲವೊಮ್ಮೆ ಅವು ಕಾಗದದ ಮೇಲಷ್ಟೇ ನಡೆದರೂ, ಡ್ರಿಲ್ ಹಿಡಿಯುವವನು ಇಂಜಿನಿಯರನಿಗೆ ಎದುರಾಗಿ ಕೂತು ಇಲ್ಲಿ ಕಲ್ಲು ಸರಿಯಿಲ್ಲ ಎಂದು ಹೇಳಬಹುದಾದ ಮೊದಲ ಜಾಗ ಅದು.

ವಿದ್ವತ್ತಿನ ಕಡೆಯ ಕೂಟಗಳೂ ಕನ್ನಡ ನಾಡಿನಲ್ಲೇ ಬೇರೂರಿದವು. 1894ರಿಂದಲೇ ಮೈಸೂರು ಸಂಸ್ಥಾನಕ್ಕೆ ಸ್ವಂತ ಭೂವಿಜ್ಞಾನ ಇಲಾಖೆ ಇತ್ತು. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಹುಟ್ಟಿತು. ಅದರ ಪತ್ರಿಕೆಯನ್ನು ದಶಕಗಳ ಕಾಲ ಕಟ್ಟಿ ಬೆಳೆಸಿದ ಬಿ. ಪಿ. ರಾಧಾಕೃಷ್ಣ ಮೈಸೂರಿನ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು. ಅವರು ಎಲ್. ಸಿ. ಕರ್ಟಿಸ್ ಜೊತೆ ಭಾರತದ ಚಿನ್ನದ ಬಗ್ಗೆ ಬರೆದ ಪುಸ್ತಕ 1999ರಲ್ಲಿ ಪ್ರಕಟವಾಯಿತು. ಪ್ರಾಚೀನರ ಗುಂಡಿಗಳನ್ನು ಕಡೆಗಣಿಸಬಾರದು, ಇವತ್ತಿನ ಹುಡುಕಾಟಕ್ಕೂ ಅವು ಒಳ್ಳೆಯ ದಾರಿತೋರುಕ ಎಂಬುದು ಅವರ ನಿಲುವು.

2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು, ಸಾವಿರಾರು ಕುಟುಂಬಗಳ ಕಸುಬು ಒಮ್ಮೆಲೇ ಕೊನೆಗೊಂಡಿತು. ಶಿಲಾಸ್ಫೋಟದ ಬಗ್ಗೆ ಕೂಡಿಟ್ಟ ಅನುಭವ ಮಾತ್ರ ಪೂರ್ತಿ ಮುಳುಗಲಿಲ್ಲ. 1988ರಲ್ಲೇ ಕೋಲಾರದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ (ಕೋಲಾರ್ ಗೋಲ್ಡ್ ಫೀಲ್ಡ್ಸ್) ಸ್ಥಾಪನೆಯಾಗಿದ್ದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅದನ್ನು ಇತರ ಗಣಿಗಳಿಗೆ, ಅಣೆಕಟ್ಟು ಮತ್ತು ಸುರಂಗಗಳ ಕೆಲಸಕ್ಕೆ ದಾಟಿಸಿತು. ಹಟ್ಟಿಯೂ ಅದರ ನೆರವು ಪಡೆದ ಗಣಿಗಳಲ್ಲಿ ಒಂದು. ಕೋಲಾರ ನಿಂತ ಮೇಲೆ ದೇಶದೊಳಗೆ ಬಂಡೆಯಿಂದ ಚಿನ್ನ ತೆಗೆಯುವ ಮುಖ್ಯ ನೆಲೆಯಾಗಿ ಉಳಿದದ್ದು ಹಟ್ಟಿ. ವರ್ಷಕ್ಕೆ ಸುಮಾರು ಒಂದೂವರೆ ಟನ್ ಚಿನ್ನ ಅಲ್ಲಿಂದ ಬರುತ್ತದೆ. ಆಳದ ಕೆಲಸ ಮಲ್ಲಪ್ಪ ಶಾಫ್ಟ್, ಸೆಂಟ್ರಲ್ ಶಾಫ್ಟ್, ವಿಲೇಜ್ ಶಾಫ್ಟ್‌ಗಳ ಮೂಲಕ ನಡೆದಿದೆ. ಪಟ್ಟಿಯ ಉದ್ದಕ್ಕೂ ಹೀರಾಬುದ್ದಿನ್ನಿ, ವಂದಲ್ಲಿಗಳಂಥ ಹಳೆಯ ಹೆಸರುಗಳು ಪರಿಶೋಧನೆಯ ನಕ್ಷೆಗೆ ಮರಳಿವೆ. ದೇವದುರ್ಗ ತಾಲ್ಲೂಕಿನ ಊಟಿಯಲ್ಲೂ ಹಟ್ಟಿ ಕಂಪನಿ ತೆರೆದ ಗಣಿ ತೋಡಿ ಅದಿರು ತೆಗೆಯಿತು. ಅಲ್ಲಿ ಒಡೆದ ಕಲ್ಲನ್ನು ಲಾರಿಗಳಲ್ಲಿ ಹಟ್ಟಿಗೆ ಸಾಗಿಸಿ ಅಲ್ಲಿನ ಗಿರಣಿಯಲ್ಲೇ ಅರೆದು ಚಿನ್ನ ಬೇರ್ಪಡಿಸುವ ಏರ್ಪಾಡು ಮಾಡಲಾಯಿತು.